ಮಹಾನವಮಿ ದಿಬ್ಬದ ಎದುರಿನ ಬಯಲು

ಸಿಂಧನೂರಿನಿಂದ ಕಾರಟಗಿ, ಗಂಗಾವತಿ ದಾಟಿ ಕಡೇಬಾಗಿಲಿನ ಸೇತುವೆ ಮೇಲೆ ತುಂಗಭದ್ರೆ ಹಾಯ್ದರೆ ಹಂಪಿ ಸೀಮೆ. ಹೋದವರು ವಿರೂಪಾಕ್ಷನ ದರ್ಶನ ಮಾಡಿ, ಕಲ್ಲಿನ ತೇರಿನ ಮುಂದೆ ಫೋಟೊ ತೆಗೆಸಿಕೊಂಡು ಹೊತ್ತು ಮುಳುಗುವುದರೊಳಗೆ ಊರ ದಾರಿ ಹಿಡಿಯುತ್ತಾರೆ. ಅರಸರು ಕೂತು ಹಬ್ಬ ನೋಡುತ್ತಿದ್ದ ಮಹಾನವಮಿ ದಿಬ್ಬಕ್ಕೆ ಸಿಗುವುದು ಕಾಲು ಗಂಟೆ. ಸಿಂಧನೂರು, ಮಸ್ಕಿ, ಲಿಂಗಸುಗೂರಿನವರಾದರೂ ಅಲ್ಲಿ ಅರ್ಧ ದಿನ ಕಳೆಯಬೇಕು. ಆ ದಿಬ್ಬದ ಎದುರು ಮೆರೆದ ವಿಜಯನಗರದ ದಂಡು ನಮ್ಮ ಎರೆಹೊಲಗಳನ್ನು ತುಳಿದೇ ಹೋಗಿ ಬರುತ್ತಿತ್ತು.

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನಮ್ಮ ಸೀಮೆಗೆ ಎಡೆದೊರೆ ನಾಡು ಎಂಬುದು ಹಳೆಯ ಹೆಸರು. ತುಂಗಭದ್ರೆಯ ತೆಂಕಣ ದಂಡೆಯಲ್ಲಿ ವಿಜಯನಗರ, ಬಡಗಣಕ್ಕೆ ಬಹಮನಿಗಳು, ಅವರ ನಂತರ ಬಿಜಾಪುರದ ಆದಿಲ್ ಶಾಹಿಗಳು. ರಾಯಚೂರು, ಮುದಗಲ್ಲು ಕೋಟೆಗಳು ಒಮ್ಮೆ ಇವರ ಕೈಗೆ, ಒಮ್ಮೆ ಅವರ ಕೈಗೆ. 1406ರಲ್ಲಿ ವಿಜಯನಗರದ ಒಂದನೇ ದೇವರಾಯನಿಗೂ ಬಹಮನಿ ಸುಲ್ತಾನ ಫಿರೋಜ್ ಶಾಹನಿಗೂ ನಡೆದ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗನ ಮಗಳು ಕಾರಣವೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಕತೆ ಸೊಗಸಾಗಿದೆ. ಆದರೆ ಹೆಣ್ಣಿನ ನೆಪಕ್ಕಿಂತ ಈ ಮಣ್ಣಿನ ಆಸೆಯೇ ದೊಡ್ಡದಿತ್ತೆಂದು ನನಗನ್ನಿಸುತ್ತದೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ರಾಜಧಾನಿಗೆ ಬಂದು ಮಹಾನವಮಿಯನ್ನು ಕಣ್ಣಾರೆ ಕಂಡ. ಅವನು ‘ವಿಜಯದ ಮನೆ’ ಎಂದು ಕರೆದದ್ದು ಈ ದಿಬ್ಬವನ್ನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಒಂಬತ್ತು ದಿನ ಕುಸ್ತಿ, ಕುಣಿತ, ಬಾಣಬಿರುಸು, ಕೋಣ ಕುರಿಗಳ ಬಲಿ, ಸಿಂಗರಿಸಿದ ಆನೆ ಕುದುರೆಗಳ ಸಾಲು. ಅದಕ್ಕೂ ಮುಂಚೆ, 1443ರಲ್ಲಿ, ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಕೂಡ ಈ ಹಬ್ಬ ನೋಡಿ ಬೆರಗಾಗಿದ್ದ. ಕುದುರೆ ವ್ಯಾಪಾರಿ ನೂನಿಜ್ ಬೇರೆಯದೇ ಒಂದು ಸಂಗತಿ ಗಮನಿಸಿದ: ನಾಯಕರು ಅರಸನಿಗೆ ಕೊಡಬೇಕಾದ ಹಣ ಸಂದಾಯವಾಗುತ್ತಿದ್ದುದು ಈ ಹಬ್ಬದ ದಿನಗಳಲ್ಲೇ. ಮೇಲೆ ನೋಡಿದರೆ ಹಬ್ಬ, ಒಳಗೆ ಲೆಕ್ಕ ಚುಕ್ತಾ ಮಾಡುವ ಜಾಗ.

ಊರವರೆಲ್ಲ ಅಲ್ಲಿ ಸೇರುತ್ತಿದ್ದರೆಂದು ತಿಳಿಯಬೇಡಿ. ಬಾಗಿಲಲ್ಲಿ ಕೋಲು, ಚಾವಟಿ ಹಿಡಿದ ಕಾವಲುಗಾರರಿದ್ದು, ನಾಯಕರು ಮತ್ತು ದೊಡ್ಡವರನ್ನಷ್ಟೇ ಒಳಗೆ ಬಿಡುತ್ತಿದ್ದರೆಂದು ಪಾಯಸ್ ಹೇಳುತ್ತಾನೆ. ಸಾಮಾನ್ಯರಿಗೆ ಇದ್ದದ್ದು ತೇರಿನ ಬೀದಿ, ಪೇಟೆ ಬೀದಿ. ವಿರೂಪಾಕ್ಷ ಗುಡಿಯ ಮುಂದಿನಿಂದ ದೊಡ್ಡ ಬಸವಣ್ಣನವರೆಗೆ ಕಲ್ಲುಮಂಟಪಗಳ ಸಾಲು ಇವತ್ತಿಗೂ ನಿಂತಿದೆ.

ದಿಬ್ಬದ ಮೇಲೆ ಹತ್ತಿದರೆ ಕಾಣುವುದು ಬರೀ ಕಲ್ಲುಹಾಸು, ಅದರಲ್ಲಿ ಕಂಬ ನಿಲ್ಲಿಸಿದ್ದ ಕುಳಿಗಳು. ಮೇಲಿನ ಮರದ ಕಟ್ಟಡ ಉಳಿದಿಲ್ಲ. ನೋಡಬೇಕಾದ್ದೆಲ್ಲ ಕೆಳಗಿನ ಗೋಡೆಯಲ್ಲಿದೆ, ಅದನ್ನು ಬಗ್ಗಿ ನೋಡಬೇಕು. ಉದ್ದ ಅಂಗಿ, ಚೂಪು ಟೊಪ್ಪಿಗೆಯ ಪರದೇಶಿಗಳು, ಹಗ್ಗ ಹಿಡಿದು ಕುದುರೆ ನಡೆಸಿಕೊಂಡು ಬರುವವರು, ಒಂಟೆಗಳು, ಬೇಟೆಗಾರರು, ಕೋಲಾಟದ ಹೆಂಗಸರು. ಕುದುರೆಗೆ ಇಷ್ಟು ಜಾಗ ಕೊಟ್ಟದ್ದು ಸುಮ್ಮನೆ ಅಲ್ಲ. ಒಳ್ಳೆಯ ಕುದುರೆ ಅರಬಸ್ಥಾನ, ಪರ್ಷಿಯಾಗಳಿಂದ ಹಡಗಿನಲ್ಲಿ ಬರಬೇಕಿತ್ತು, 1510ರ ನಂತರ ಗೋವಾ ಬಂದರು ಪೋರ್ಚುಗೀಸರ ಹಿಡಿತದಲ್ಲಿತ್ತು. ರಾಯಚೂರಿನ ಮೇಲೆ ಹೋಗುವ ದಂಡಿಗೆ ಈ ಕುದುರೆಗಳೇ ಬೇಕಿತ್ತು.

ಅಲ್ಲೇ ಹತ್ತಿರದಲ್ಲಿ, 1980ರ ದಶಕದ ಉತ್ಖನನದಲ್ಲಿ ಸಿಕ್ಕ ಮೆಟ್ಟಿಲುಬಾವಿಯಿದೆ. ಕರಿಕಲ್ಲಿನ ಒಂದೊಂದು ತುಂಡಿನ ಮೇಲೂ ಅದು ಯಾವ ದಿಕ್ಕಿಗೆ, ಯಾವ ಸಾಲಿಗೆ ಸೇರಬೇಕೆಂಬ ಗುರುತು ಕೆತ್ತಿದ್ದಾರೆ. ಬೇರೆ ಕಡೆ ತಯಾರಿಸಿ ತಂದು ಜೋಡಿಸಿದ ಕಲ್ಲುಗಳಿವು. ಅರಸರ ಹೆಸರಿಗಿಂತ ಆ ಕಲ್ಲುಕುಟಿಗರ ಗುರುತೇ ನನಗೆ ಹೆಚ್ಚು ಹಿಡಿಸಿದ್ದು.

1565ರಲ್ಲಿ ರಕ್ಕಸತಂಗಡಿ ಯುದ್ಧದ ಸೋಲಿನ ಮೇಲೆ ರಾಜಧಾನಿ ಹಾಳಾಯಿತು. ಹಬ್ಬ ಮಾತ್ರ ಅಲ್ಲಿಗೇ ಮುಗಿದುಹೋಗಲಿಲ್ಲ. 1610ರಲ್ಲಿ ಮೈಸೂರಿನ ರಾಜ ಒಡೆಯರು ಅದನ್ನು ಶ್ರೀರಂಗಪಟ್ಟಣದಲ್ಲಿ ಮತ್ತೆ ಶುರುಮಾಡಿದರು. ಈಗಿನ ಮೈಸೂರು ದಸರಾದ ಬೇರು ಅದೇ. ಎಡೆದೊರೆ ನಾಡಿನ ಪಾಲಿಗೆ ಉಳಿದದ್ದು ಬೇರೆ ಹಬ್ಬ. ಲಿಂಗಸುಗೂರು ತಾಲೂಕಿನ ಮುದಗಲ್ಲಿನಲ್ಲಿ ಮೊಹರಂ ಬಂತೆಂದರೆ ಹಿಂದೂ ಮುಸ್ಲಿಂ ಎನ್ನದೆ ಜನ ಸೇರುತ್ತಾರೆ, ಅಲಾಯಿ ದೇವರಿಗೆ ಹರಕೆ ಹೊತ್ತು ಹುಲಿವೇಷ ಹಾಕುತ್ತಾರೆ, ಕನ್ನಡದಲ್ಲೇ ರಿವಾಯತ್ ಪದ ಹಾಡುತ್ತಾರೆ. ಅಲ್ಲಿಗೆ ಬರುವವರನ್ನು ತಡೆಯಲು ಬಾಗಿಲಲ್ಲಿ ಯಾರೂ ಚಾವಟಿ ಹಿಡಿದು ನಿಂತಿರುವುದಿಲ್ಲ.