ಗೋಧಿ, ಹಾಲು ಒಗ್ಗದವರಿಗೂ ರುಚಿಯಾದ ಊಟ



ಕೆಲವು ಮಕ್ಕಳು ಹೊಟ್ಟೆ ತುಂಬ ಉಣ್ಣುತ್ತಾರೆ. ಆದರೂ ಮೈ ಹಿಡಿಯುವುದಿಲ್ಲ. ಹೊಟ್ಟೆ ಉಬ್ಬಿರುತ್ತದೆ. ಮೇಲಿಂದ ಮೇಲೆ ಭೇದಿ ಆಗುತ್ತದೆ. ವಯಸ್ಸಿಗೆ ತಕ್ಕ ಎತ್ತರ ಬರುವುದಿಲ್ಲ. ಮೈಯಲ್ಲಿ ರಕ್ತ ಕಡಿಮೆ ಇರುತ್ತದೆ. ಮನೆಯವರು ದೃಷ್ಟಿ ತೆಗೆಯುತ್ತಾರೆ. ಜಂತಿನ ಔಷಧ ಕೊಡುತ್ತಾರೆ. ಗುಣ ಕಾಣುವುದಿಲ್ಲ. ಇಂಥವರಲ್ಲಿ ಕೆಲವರಿಗೆ ಗೋಧಿ ಒಗ್ಗುವುದಿಲ್ಲ. ಕೆಲವರಿಗೆ ಹಾಲು ಒಗ್ಗುವುದಿಲ್ಲ. ಕೆಲವರಿಗೆ ಎರಡೂ ಒಗ್ಗುವುದಿಲ್ಲ. ದೊಡ್ಡವರಿಗೂ ಹೀಗೆ ಆಗುವುದುಂಟು.

"ಗೋಧಿ, ಹಾಲು ಬಿಡಿಸಿರಿ" ಅಂತ ಡಾಕ್ಟರು ಹೇಳಿದ ಕೂಡಲೇ ತಾಯಿಗೆ ಚಿಂತೆ ಹತ್ತುತ್ತದೆ. ಚಪಾತಿ ಇಲ್ಲ, ಮೊಸರಿಲ್ಲ, ಹೋಳಿಗೆ ಇಲ್ಲ. ಇನ್ನು ಕೂಸು ಏನು ಉಣ್ಣಬೇಕು? ಅದಕ್ಕೆ ಬೇರೆ ಅಡಿಗೆ ಮಾಡಬೇಕೇ? ಪೇಟೆಯಿಂದ ತುಟ್ಟಿ ಹಿಟ್ಟು ತರಬೇಕೇ?

ಬೇಕಾಗಿಲ್ಲ. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಸೀಮೆಯ ನಮ್ಮ ಅಡಿಗೆಮನೆಯಲ್ಲಿ ಇದಕ್ಕೆ ಉತ್ತರ ಇದೆ. ಜೋಳ, ಸಜ್ಜೆ, ಶೇಂಗಾ, ಎಳ್ಳು. ಮನೆಯವರೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಊಟ ಮಾಡಬಹುದು. ಅದು ಹೇಗೆ ಅಂತ ಈಗ ನೋಡೋಣ.

ಗೋಧಿಯಲ್ಲಿ ಏನಿದೆ?

ಗೋಧಿ ಹಿಟ್ಟು ನಾದಿದರೆ ಹಿಗ್ಗುತ್ತದೆ. ಅದಕ್ಕೇ ಹೋಳಿಗೆ ಹರಿಯದೆ ತೆಳ್ಳಗೆ ಬರುತ್ತದೆ. ಈ ಜಿಗುಟಿಗೆ ಕಾರಣ ಗೋಧಿಯಲ್ಲಿರುವ ಒಂದು ಸತ್ವ. ಅದರ ಹೆಸರು ಗ್ಲುಟೆನ್. ಬಾರ್ಲಿಯಲ್ಲೂ ಅದು ಇದೆ. ಹೆಚ್ಚಿನ ಜನರಿಗೆ ಅದರಿಂದ ಏನೂ ತೊಂದರೆ ಇಲ್ಲ. ಸೀಲಿಯಾಕ್ ಎಂಬ ಬೇನೆ ಇದ್ದವರಿಗೆ ಅದು ವಿಷವಿದ್ದ ಹಾಗೆ.

ಸೊಲ್ಲಾಪುರದ ಟವೆಲ್ ನೋಡಿದ್ದೀರಲ್ಲ? ಅದರ ತುಂಬ ನೂಲಿನ ಸಣ್ಣ ಸಣ್ಣ ಕುಣಿಕೆ ಇರುತ್ತವೆ. ಆ ಕುಣಿಕೆಗಳೇ ನೀರು ಹೀರುತ್ತವೆ. ನಮ್ಮ ಸಣ್ಣ ಕರುಳಿನ ಒಳಮೈ ಕೂಡ ಹಾಗೇ ಇದೆ. ಅಲ್ಲಿರುವ ಸಣ್ಣ ಎಳೆಗಳು ಉಂಡ ಅನ್ನದ ಸತ್ವ ಹೀರುತ್ತವೆ. ಸೀಲಿಯಾಕ್ ಇದ್ದವರು ಗೋಧಿ ಉಂಡರೆ ಈ ಎಳೆಗಳು ಸವೆಯುತ್ತವೆ. ಕರುಳು ಹಳೇ ಟವೆಲ್ಲಿನ ಹಾಗೆ ಬೋಳಾಗುತ್ತದೆ. ಆಗ ಉಂಡದ್ದು ಮೈಗೆ ಹತ್ತುವುದಿಲ್ಲ.

ಗೋಧಿ ಪೂರ್ತಿ ಬಿಟ್ಟರೆ ಎಳೆಗಳು ನಿಧಾನಕ್ಕೆ ಮತ್ತೆ ಬೆಳೆಯುತ್ತವೆ. ಪಥ್ಯವೇ ಈ ಬೇನೆಗೆ ಔಷಧ. ಜೀವ ಇರುವ ತನಕ ಅದನ್ನು ಪಾಲಿಸಬೇಕು.

ಹಾಲು ಯಾಕೆ ಒಗ್ಗುವುದಿಲ್ಲ?

ಇದಕ್ಕೆ ಎರಡು ಬೇರೆ ಬೇರೆ ಕಾರಣ ಇವೆ.

ಒಂದು, ಹಾಲಿನಲ್ಲಿರುವ ಸಕ್ಕರೆ ಪಚನ ಆಗದಿರುವುದು. ಅದನ್ನು ಪಚನ ಮಾಡುವ ರಸ ಕರುಳಿನ ಆ ಎಳೆಗಳಲ್ಲೇ ಇರುತ್ತದೆ. ಎಳೆ ಸವೆದರೆ ರಸವೂ ಕಡಿಮೆ. ಆಗ ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅನ್ನುತ್ತದೆ, ಭೇದಿ ಆಗುತ್ತದೆ. ಅದಕ್ಕೇ ಸೀಲಿಯಾಕ್ ಇದ್ದವರಿಗೆ ಕೆಲವು ಕಾಲ ಹಾಲೂ ಬೇಡ ಅಂತ ಡಾಕ್ಟರು ಹೇಳುವುದುಂಟು. ಕರುಳು ಸುಧಾರಿಸಿದ ಮೇಲೆ ಬಹಳ ಜನರಿಗೆ ಹಾಲು ಮತ್ತೆ ಒಗ್ಗುತ್ತದೆ.

ಎರಡು, ಹಾಲಿನ ಅಲರ್ಜಿ. ಹಾಲು ಕುಡಿದರೆ ಮೈಮೇಲೆ ದದ್ದು ಏಳುತ್ತದೆ. ವಾಂತಿ ಆಗಬಹುದು. ಉಸಿರು ಕಟ್ಟಬಹುದು. ಇಂಥವರಿಗೆ ಹಾಲು, ಮೊಸರು, ಮಜ್ಜಿಗೆ, ತುಪ್ಪ, ಪೇಢೆ ಯಾವುದೂ ಬೇಡ. ಎಮ್ಮೆ ಹಾಲು, ಆಡಿನ ಹಾಲು ಕೂಡ ಸಾಮಾನ್ಯವಾಗಿ ನಡೆಯುವುದಿಲ್ಲ. ಉಸಿರು ಕಟ್ಟಿದರೆ ತಡ ಮಾಡದೆ ದವಾಖಾನೆಗೆ ಒಯ್ಯಿರಿ.

ನಿಮ್ಮ ಮನೆಯಲ್ಲಿ ಯಾವ ಕಾರಣ ಅಂತ ಡಾಕ್ಟರನ್ನು ಕೇಳಿ ತಿಳಿದುಕೊಳ್ಳಿರಿ.

ಮೊದಲು ಪರೀಕ್ಷೆ, ಆಮೇಲೆ ಪಥ್ಯ

ಯಾರೋ ಹೇಳಿದರು ಅಂತ ಗೋಧಿ ಬಿಡಿಸಬೇಡಿರಿ. ಸೀಲಿಯಾಕ್ ಇದೆಯೋ ಇಲ್ಲವೋ ಅಂತ ರಕ್ತ ಪರೀಕ್ಷೆಯಿಂದ ಗೊತ್ತಾಗುತ್ತದೆ. ಕೆಲವೊಮ್ಮೆ ಕರುಳಿನ ಚೂರು ತೆಗೆದು ಪರೀಕ್ಷೆ ಮಾಡುತ್ತಾರೆ. ಗೋಧಿ ಉಣ್ಣುತ್ತಿರುವಾಗಲೇ ಈ ಪರೀಕ್ಷೆ ಮಾಡಿಸಬೇಕು. ಮೊದಲೇ ಬಿಟ್ಟಿದ್ದರೆ ಬೇನೆ ಇದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು.

ಹಾಲು ಕುಡಿಯುವ ಕೂಸಿಗೆ ಎದೆಹಾಲು ಬಿಡಿಸಬೇಡಿರಿ. ಶೇಂಗಾ ಹಾಲು, ತೆಂಗಿನ ಹಾಲು ಎಳೆ ಕೂಸಿಗೆ ಎದೆಹಾಲಿನ ಬದಲು ಆಗುವುದಿಲ್ಲ.

ಯಾವುದು ನಡೆಯುತ್ತದೆ? ಯಾವುದು ನಡೆಯುವುದಿಲ್ಲ?

ಗೋಧಿ ಒಗ್ಗದವರಿಗೆ ನಡೆಯುವುದು: ಜೋಳ, ಸಜ್ಜೆ, ರಾಗಿ, ನವಣೆ, ಅಕ್ಕಿ, ಗೋವಿನಜೋಳ, ಸಾಬೂದಾಣಿ. ತೊಗರಿ, ಕಡಲೆ, ಹೆಸರು, ಮಡಿಕೆ. ಶೇಂಗಾ, ಎಳ್ಳು, ಗುರೆಳ್ಳು, ಅಗಸೆ. ಎಲ್ಲ ಕಾಯಿಪಲ್ಯ, ಹಣ್ಣು. ತಿನ್ನುವವರಿಗೆ ತತ್ತಿ, ಮೀನು, ಮಾಂಸ.

ನಡೆಯದಿರುವುದು: ಗೋಧಿ, ಮೈದಾ, ಗೋಧಿ ರವೆ, ಗೋಧಿ ಶಾವಿಗೆ, ಪಾವು, ಬಿಸ್ಕೀಟು, ಟೋಸ್ಟು, ಖಾರಿ. ಖಪಲಿ ಗೋಧಿ ಒಳ್ಳೆಯದು ಅಂತ ಕೆಲವರು ಹೇಳುತ್ತಾರೆ. ಆದರೆ ಅದೂ ಗೋಧಿಯೇ. ಅದರಲ್ಲೂ ಗ್ಲುಟೆನ್ ಇದೆ.

ಜೋಳ ಬಡವರ ಕಾಳು ಅಂತ ನಾಚಿಕೆಪಡಬೇಡಿರಿ. ನಮ್ಮ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಸರಕಾರದ ಜಿ.ಐ. ಗುರುತು ಸಿಕ್ಕಿದೆ. ಒಂದು ಊರಿನ ಹೆಸರಾದ ಮಾಲಿಗೆ ಸಿಗುವ ಮಾನ ಅದು. 2023ನೇ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಸಾರಿತ್ತು. ಅದರಲ್ಲಿ ಜೋಳ, ಸಜ್ಜೆಯೂ ಸೇರಿದ್ದವು.

ಅಡಗಿರುವ ಗೋಧಿ

ಕಣ್ಣಿಗೆ ಕಾಣುವ ಗೋಧಿ ಬಿಡುವುದು ಸುಲಭ. ಕಾಣದ ಗೋಧಿಯ ಮೇಲೆ ನಿಗಾ ಇಡಬೇಕು.

ಗಿರಣಿ: ಗೋಧಿ ಬೀಸಿದ ಗಿರಣಿಯಲ್ಲಿ ಜೋಳ ಬೀಸಿದರೆ ಗೋಧಿ ಹಿಟ್ಟು ಕೂಡುತ್ತದೆ. ಜೋಳಕ್ಕೆ ಬೇರೆ ಕಲ್ಲು ಇರುವ ಗಿರಣಿ ಹುಡುಕಿರಿ. ಮನೆಯಲ್ಲಿ ಬೀಸುವ ಕಲ್ಲಿದ್ದರೆ ಚೆನ್ನಾಗಿ ತೊಳೆದು ಒಣಗಿಸಿ, ಕೂಸಿನ ಪಾಲಿನ ಹಿಟ್ಟನ್ನು ಅದರಲ್ಲೇ ಬೀಸಿರಿ.

ಇಂಗು: ಪೇಟೆಯ ಇಂಗಿನಲ್ಲಿ ಬಹಳ ಸಲ ಗೋಧಿ ಹಿಟ್ಟು ಅಥವಾ ಮೈದಾ ಕೂಡಿಸಿರುತ್ತಾರೆ. ಅದರ ಬದಲು ಬೆಳ್ಳುಳ್ಳಿ ಒಗ್ಗರಣೆ ಹಾಕಿರಿ.

ಕಡಲೆ ಹಿಟ್ಟು: ಕಡಲೆ ಬೇಳೆ ತಂದು ಆರಿಸಿ, ಮನೆಯಲ್ಲೇ ಬೀಸಿಕೊಳ್ಳಿರಿ.

ತವೆ, ಲಟ್ಟಣಿಗೆ, ಎಣ್ಣೆ: ಚಪಾತಿ ಮಾಡಿದ ತವೆ, ಮಣೆ, ಪರಾತ ತಿಕ್ಕಿ ತೊಳೆಯದೆ ಬಳಸಬೇಡಿರಿ. ಪೂರಿ ಕರಿದ ಎಣ್ಣೆಯಲ್ಲಿ ಕೂಸಿಗೆ ಹಪ್ಪಳ ಕರಿಯಬೇಡಿರಿ. ಮೊದಲು ಜೋಳದ ರೊಟ್ಟಿ ಮಾಡಿರಿ, ಆಮೇಲೆ ಚಪಾತಿ.

ಪಾಕೀಟು: ಗೋಧಿ, ಹಾಲು ಹಾಕಿದ್ದರೆ ಪಾಕೀಟಿನ ಮೇಲೆ ಬರೆಯಬೇಕು ಅಂತ ಕಾಯದೆ ಇದೆ. ಹೆಚ್ಚಾಗಿ ಅದು ಇಂಗ್ಲಿಷಿನಲ್ಲಿ ಇರುತ್ತದೆ. ವ್ಹೀಟ್ ಅಂದರೆ ಗೋಧಿ, ನಮ್ಮ ಕಡೆ ಮರಾಠಿಯಲ್ಲಿ ಗಹೂ. ಮಿಲ್ಕ್ ಅಂದರೆ ಹಾಲು, ಮರಾಠಿಯಲ್ಲಿ ದೂಧ. ಸಾಲಿಗೆ ಹೋಗುವ ಮಕ್ಕಳಿಂದ ಈ ಶಬ್ದಗಳನ್ನು ಇಂಗ್ಲಿಷಿನಲ್ಲಿ ಒಂದು ಚೀಟಿಯ ಮೇಲೆ ಬರೆಸಿಕೊಳ್ಳಿರಿ. ಅಂಗಡಿಯಲ್ಲಿ ಚೀಟಿಯ ಅಕ್ಷರ, ಪಾಕೀಟಿನ ಅಕ್ಷರ ಜೋಡಿಸಿ ನೋಡಿರಿ. ನೀವು ಕಲಿತ ಓದು ಇಲ್ಲಿ ಕೂಸಿನ ಹೊಟ್ಟೆ ಕಾಯುತ್ತದೆ.

ಒಂದು ತುತ್ತಾದರೂ ಬೇಡವೇ?

ಅತ್ತೆ-ಸೊಸೆಯ ಮಾತು ಕೇಳಿರಿ.

ಅತ್ತೆ: ಕೂಸು ಅಳಾಕತ್ತದ ನೋಡವಾ. ಒಂದು ತುತ್ತು ಹೋಳಿಗಿ ಕೊಟ್ಟರ ಏನಾಗತದ?

ಸೊಸೆ: ಒಂದು ತುತ್ತೂ ಬ್ಯಾಡ ಅಂದಾರ್ರಿ ಅತ್ತಿ. ಹೊರಗ ಏನೂ ಕಾಣಂಗಿಲ್ಲ, ಒಳಗ ಕರುಳು ಸವೀತದಂತ.

ಅತ್ತೆ: ಹಬ್ಬದ ದಿನ ಎಲ್ಲಾರೂ ಉಣ್ಣಾಗ ಅದೊಂದ ನೋಡ್ಕೋತ ಕುಂದ್ರಬೇಕೇನು?

ಸೊಸೆ: ಅದಕ್ಕs ಇವತ್ತ ಎಲ್ಲಾರಿಗೂ ಸಜ್ಜಿ ಮಲೀದಿ ಮಾಡೂಣ್ರಿ. ನಿಮ್ಮ ಕೈಲೆ ಮಾಡಿದ್ದು ಭಾಳ ಛಲೋ ಆಗತದ.

ಅತ್ತೆಯ ಕಳಕಳಿ ಖರೆ ಇದೆ. ಸೊಸೆಯ ಮಾತೂ ಖರೆ ಇದೆ. ಕೂಸಿಗೆ ಬೇರೆ ತಾಟು ಇಟ್ಟು ಕೂಡಿಸಿದರೆ ಅದರ ಮನಸ್ಸು ನೋಯುತ್ತದೆ. ಅದು ಕದ್ದು ತಿನ್ನಲು ಕಲಿಯುತ್ತದೆ. ಎಲ್ಲರೂ ಉಣ್ಣುವ ಅಡಿಗೆಯನ್ನೇ ಕೂಸಿಗೆ ಒಗ್ಗುವ ಹಾಗೆ ಮಾಡುವುದೇ ಜಾಣತನ.

ರುಚಿ ಎಲ್ಲಿಂದ ಬರುತ್ತದೆ?

ಮೊಸರು ಹುಳಿ ಕೊಡುತ್ತದೆ. ಅದರ ಬದಲು ಹುಣಸೆ, ನಿಂಬೆ, ಪುಂಡಿಪಲ್ಯ ಬಳಸಿರಿ. ತುಪ್ಪ, ಕೆನೆ ಜಿಡ್ಡು ಕೊಡುತ್ತವೆ. ಅದರ ಬದಲು ಶೇಂಗಾ, ಎಳ್ಳು, ಕೊಬ್ಬರಿ ಬಳಸಿರಿ. ಈ ಲೆಕ್ಕ ಗೊತ್ತಾದರೆ ಯಾವ ಅಡಿಗೆಯನ್ನೂ ಬದಲಿಸಿಕೊಳ್ಳಬಹುದು. ಕೆಳಗಿನ ಐದು ಅಡಿಗೆಯಲ್ಲಿ ಗೋಧಿಯೂ ಇಲ್ಲ, ಹಾಲೂ ಇಲ್ಲ. ಶೇಂಗಾ, ಎಳ್ಳು ಒಗ್ಗದವರು ಮಾತ್ರ ಅವನ್ನು ಬಿಡಬೇಕು.

1. ಜೋಳದ ರೊಟ್ಟಿ: ಜೋಳದಲ್ಲಿ ಗ್ಲುಟೆನ್ ಇಲ್ಲ. ಅದಕ್ಕೇ ತಣ್ಣೀರಲ್ಲಿ ನಾದಿದರೆ ಹಿಟ್ಟು ಬಿರಿಯುತ್ತದೆ. ಕುದಿಯುವ ಎಸರು ಹಾಕಿದರೆ ಹಿಟ್ಟು ಅರೆ ಬೆಂದು ಜಿಗಿ ಬರುತ್ತದೆ. ಹಳೇ ಹಿಟ್ಟಿಗೆ ಜಿಗಿ ಕಡಿಮೆ. ಎಂಟು-ಹತ್ತು ದಿನಕ್ಕೆ ಸಾಕಾಗುವಷ್ಟೇ ಬೀಸಿರಿ. ಬಡಿಯುವಾಗ ಕೆಳಗೆ ಉದುರಿಸುವುದೂ ಜೋಳದ ಹಿಟ್ಟೇ ಇರಲಿ.

2. ಶೇಂಗಾ ಚಟ್ನಿ: 1 ಬಟ್ಟಲು ಶೇಂಗಾ ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆಯಿರಿ. 8-10 ಎಸಳು ಬೆಳ್ಳುಳ್ಳಿ, 2 ಚಮಚ ಮನೆಯಲ್ಲಿ ಕುಟ್ಟಿದ ಖಾರದ ಪುಡಿ, 1 ಚಮಚ ಜೀರಿಗೆ, ರುಚಿಗೆ ಉಪ್ಪು ಕೂಡಿಸಿರಿ. ಎಣ್ಣೆ ಬಿಡುವ ತನಕ ಒರಳಲ್ಲಿ ಕುಟ್ಟಿರಿ. ಬಿಸಿ ರೊಟ್ಟಿಯ ಮೇಲೆ ಇದನ್ನು ಹಚ್ಚಿ ಕೊಟ್ಟರೆ ತುಪ್ಪದ ನೆನಪು ಬರುವುದಿಲ್ಲ.

3. ಎಣ್ಣೆಗಾಯಿ: 8 ಎಳೇ ಬದನೆಕಾಯಿ ನಾಲ್ಕು ಸೀಳು ಮಾಡಿರಿ, ತೊಟ್ಟು ಇರಲಿ. ಅರ್ಧ ಬಟ್ಟಲು ಹುರಿದ ಶೇಂಗಾ, 2 ಚಮಚ ಎಳ್ಳು, 1 ಚಮಚ ಗುರೆಳ್ಳು, ಸ್ವಲ್ಪ ಒಣ ಕೊಬ್ಬರಿ ಪುಡಿ ಮಾಡಿರಿ. ಅದಕ್ಕೆ ಹುಣಸೆ ರಸ, ಬೆಲ್ಲ, ಖಾರ, ಉಪ್ಪು, ಅರಿಸಿನ ಕಲಸಿ ಬದನೆಯಲ್ಲಿ ತುಂಬಿರಿ. ಎಣ್ಣೆಯಲ್ಲಿ ಒಗ್ಗರಣೆ ಹಾಕಿ, ಬದನೆ ಇಟ್ಟು, ಮುಚ್ಚಿ ಬೇಯಿಸಿರಿ. ತಳ ಹತ್ತುವಂತಾದರೆ ಸ್ವಲ್ಪ ಬಿಸಿನೀರು ಹಾಕಿರಿ.

4. ಶೇಂಗಾ ಸಾರು: ಮಜ್ಜಿಗೆ ಸಾರಿನ ಬದಲು ಇದನ್ನು ಮಾಡಿರಿ. ಅರ್ಧ ಬಟ್ಟಲು ಹುರಿದ ಶೇಂಗಾ, 2 ಹಸಿಮೆಣಸಿನಕಾಯಿ, ಜೀರಿಗೆ ನುಣ್ಣಗೆ ರುಬ್ಬಿರಿ. 3 ಬಟ್ಟಲು ನೀರು ಕೂಡಿಸಿರಿ. ಸಾಸಿವೆ, ಬೆಳ್ಳುಳ್ಳಿ, ಕರಿಬೇವು ಒಗ್ಗರಣೆ ಹಾಕಿ ಕುದಿಸಿರಿ. ಉಪ್ಪು, ಹುಣಸೆ, ಚೂರು ಬೆಲ್ಲ ಹಾಕಿ ಇಳಿಸಿರಿ. ಹಾಲಿನ ಹಾಗೆ ಬೆಳ್ಳಗೆ, ದಪ್ಪಗೆ ಆಗುತ್ತದೆ. ಅನ್ನಕ್ಕೂ ಹೊಂದುತ್ತದೆ, ರೊಟ್ಟಿಗೂ ಹೊಂದುತ್ತದೆ.

5. ಸಜ್ಜೆ ಮಲೀದಿ: 2 ಬಿಸಿ ಸಜ್ಜೆ ರೊಟ್ಟಿ ಕೈಯಿಂದ ಪುಡಿ ಮಾಡಿರಿ. ಅರ್ಧ ಬಟ್ಟಲು ಬೆಲ್ಲ, 2 ಚಮಚ ಹುರಿದ ಎಳ್ಳು, 2 ಚಮಚ ಶೇಂಗಾ ಪುಡಿ, ಕೊಬ್ಬರಿ ತುರಿ, ಏಲಕ್ಕಿ ಹಾಕಿ ಚೆನ್ನಾಗಿ ತಿಕ್ಕಿರಿ. ಶೇಂಗಾ, ಎಳ್ಳಿನ ಜಿಡ್ಡಿಗೆ ಉಂಡೆ ಕಟ್ಟಲು ಬರುತ್ತದೆ. ತುಪ್ಪ ಬೇಕಾಗಿಲ್ಲ.

ನಮ್ಮ ಹಬ್ಬಗಳನ್ನೇ ನೋಡಿರಿ. ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಲ್ಲ ಕಾಯಿ ಕೂಡಿಸಿದ ಪಲ್ಯ ಮಾಡುತ್ತೇವೆ. ಎಳ್ಳಮಾಸಿಗೆ ಹೊಲಕ್ಕೆ ಬುತ್ತಿ ಒಯ್ದು ಚರಗ ಚೆಲ್ಲುತ್ತೇವೆ. ಆ ಬುತ್ತಿಯಲ್ಲೂ ಸಜ್ಜೆ, ಜೋಳ, ಕಾಳುಪಲ್ಯವೇ ಹೆಚ್ಚು. ಇಂಥ ದಿನ ಕೂಸಿಗೆ ಬೇರೆ ಊಟದ ಮಾತೇ ಬರುವುದಿಲ್ಲ.

ಹಾಲು ಬಿಟ್ಟರೆ ಎಲುಬಿಗೆ ಬಲ ಎಲ್ಲಿಂದ?

ಹಾಲಿನಲ್ಲಿ ಸುಣ್ಣದ ಅಂಶ ಇದೆ. ಎಲುಬು, ಹಲ್ಲು ಗಟ್ಟಿ ಆಗಲು ಅದು ಬೇಕು. 100 ಗ್ರಾಂ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಸುಣ್ಣದ ಅಂಶ ಇರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತದೆ. ಎಳ್ಳು, ನುಗ್ಗೆ ಸೊಪ್ಪಿನಲ್ಲೂ ಚೆನ್ನಾಗಿದೆ. ರಾಗಿ ಅಂಬಲಿಯನ್ನು ಮಜ್ಜಿಗೆ ಇಲ್ಲದೆ ಬೆಲ್ಲ ಹಾಕಿ ಕೊಡಿರಿ. ಪಲ್ಯಕ್ಕೆ ಎಳ್ಳು ಪುಡಿ ಉದುರಿಸಿರಿ. ಬೇಳೆಗೆ ನುಗ್ಗೆ ಸೊಪ್ಪು ಹಾಕಿರಿ. ಇಷ್ಟು ಸಾಕೋ, ಗುಳಿಗೆಯೂ ಬೇಕೋ ಅಂತ ಡಾಕ್ಟರು ಹೇಳುತ್ತಾರೆ.

ಮನೆಯ ಹೊರಗೆ

ಸಾಲಿಯ ಗುರುಗಳಿಗೆ, ಅಂಗನವಾಡಿ ತಾಯಿಗೆ ಮೊದಲೇ ಹೇಳಿರಿ. ಬಿಸಿಯೂಟದಲ್ಲಿ ಏನು ಹಾಕುತ್ತಾರೆ ಅಂತ ಕೇಳಿರಿ. ಮದುವೆಗೆ, ಸಿದ್ಧರಾಮೇಶ್ವರ ಜಾತ್ರೆಗೆ ಹೋಗುವಾಗ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿಕೊಳ್ಳಿರಿ. ಬಹಳ ದಿನ ಕೆಡುವುದಿಲ್ಲ. ಕೂಸಿಗೂ ತಿಳಿಸಿ ಹೇಳಿರಿ. "ನನಗ ಗೋಧಿ ಒಗ್ಗಂಗಿಲ್ಲ" ಅಂತ ಅದೇ ಹೇಳಲು ಕಲಿಯಬೇಕು.

ನೆನಪಿಡಿರಿ

ಪರೀಕ್ಷೆಗೆ ಮೊದಲು ಗೋಧಿ ಬಿಡಿಸಬೇಡಿರಿ.
ಸೀಲಿಯಾಕ್ ಇದ್ದರೆ ಒಂದು ತುತ್ತು ಗೋಧಿಯೂ ಬೇಡ.
ಗಿರಣಿ, ಇಂಗು, ತವೆ, ಪಾಕೀಟಿನ ಮೇಲೆ ನಿಗಾ ಇಡಿರಿ.
ಹಾಲಿನ ಬದಲು ರಾಗಿ, ಎಳ್ಳು, ನುಗ್ಗೆ ಸೊಪ್ಪು ಕೊಡಿರಿ.
ಎಲ್ಲರೂ ಕೂಡಿ ಒಂದೇ ಊಟ ಮಾಡಿರಿ.

ಓದಿರಿ, ಬರೆಯಿರಿ

1. ಜೋಳದ ಹಿಟ್ಟಿಗೆ ಕುದಿಯುವ ಎಸರು ಯಾಕೆ ಹಾಕುತ್ತಾರೆ?
2. ನಿಮ್ಮ ಮನೆಯಲ್ಲಿ ಗೋಧಿ, ಹಾಲು ಇಲ್ಲದೆ ಮಾಡುವ ಐದು ಅಡಿಗೆಯ ಹೆಸರು ಬರೆಯಿರಿ.
3. ಮನೆಯಲ್ಲಿರುವ ಒಂದು ಪಾಕೀಟು ತೆಗೆದುಕೊಳ್ಳಿರಿ. ಅದರಲ್ಲಿ ಗೋಧಿ ಇದೆಯೇ, ಹಾಲು ಇದೆಯೇ ಹುಡುಕಿರಿ.