ಕರ್ನಾಟಕ ಸಂಗೀತ: ಹೊಸ ಕೇಳುಗರಿಗೆ ಪ್ರಾಥಮಿಕ ಮಾಹಿತಿ

ವಸ್ತಾರೆ, ಮೂಡಿಗೆರೆ ಹಾಗೂ ಕಳಸ ಭಾಗದಲ್ಲಿ ಶಾಸ್ತ್ರೀಯ ಸಂಗೀತವನ್ನು ಕಲಿಯಲು ಅಥವಾ ಕೇಳಲು ಬಯಸುವ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಸ್ವರಗಳ ನಿರ್ದಿಷ್ಟ ಸಂಚಾರವೇ ರಾಗ. ಕಾಲದ ಅಳತೆಯೇ ತಾಳ. ಮಾಯಾಮಾಳವಗೌಳ ರಾಗದಲ್ಲಿ ಆರಂಭಿಕ ಪಾಠಗಳನ್ನು ರೂಪಿಸಿದವರು ಪುರಂದರದಾಸರು (1484–1564) ಎಂಬುದು ಸಂಪ್ರದಾಯ. ಆದುದರಿಂದ ಅವರನ್ನು ಕರ್ನಾಟಕ ಸಂಗೀತ ಪಿತಾಮಹರೆಂದು ಗೌರವಿಸಲಾಗುತ್ತದೆ.

ಅನೇಕ ಕೃತಿಗಳು ತೆಲುಗು ಅಥವಾ ಸಂಸ್ಕೃತದಲ್ಲಿವೆ. ಆ ಭಾಷೆಯಾಗಲೀ ರಾಗವಾಗಲೀ ತಿಳಿಯದವರು ಸಹ ರಚನಕಾರರನ್ನು ಗುರುತಿಸಬಹುದಾಗಿದೆ. ಸಾಮಾನ್ಯವಾಗಿ ಕೊನೆಯ ಚರಣದಲ್ಲಿ ಬರುವ ಅಂಕಿತವನ್ನು ಗಮನಿಸತಕ್ಕದ್ದು:

- ಪುರಂದರದಾಸರು: ಪುರಂದರ ವಿಠಲ
- ಶ್ಯಾಮಾಶಾಸ್ತ್ರಿಗಳು (1762–1827): ಶ್ಯಾಮಕೃಷ್ಣ
- ತ್ಯಾಗರಾಜರು (1767–1847): ತ್ಯಾಗರಾಜ
- ಮುತ್ತುಸ್ವಾಮಿ ದೀಕ್ಷಿತರು (ನಿಧನ 1835): ಗುರುಗುಹ
- ಮೈಸೂರು ವಾಸುದೇವಾಚಾರ್ಯರು (1865–1961): ವಾಸುದೇವ
- ಜಯಚಾಮರಾಜ ಒಡೆಯರು (1919–1974): ಶ್ರೀವಿದ್ಯಾ

ಅಂಕಿತವನ್ನು ಗುರುತಿಸಲು ಕಲಿತ ಕೇಳುಗರಿಗೆ ಮುಂದಿನ ಕಛೇರಿ ಅಪರಿಚಿತವೆನಿಸದು.