ಅಂಗೈಯೊಳಗಿನ ಜೂಜುಕಟ್ಟೆ

ಜೂಜು ನಮ್ಮ ದೇಶಕ್ಕೆ ಹೊಸದಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿ ದಾಳದ ಮೋಹಕ್ಕೆ ಸಿಲುಕಿ ಸಂಸಾರವನ್ನು ಕಳೆದುಕೊಂಡವನ ಅಳಲೇ ಒಂದು ಸೂಕ್ತವಾಗಿದೆ. ಧರ್ಮರಾಯನ ದ್ಯೂತದ ಕಥೆಯನ್ನು ಕೇಳದೆ ಬೆಳೆದ ಕನ್ನಡಿಗನಿಲ್ಲ. ಜಾತ್ರೆಯ ಅಂದರ್-ಬಾಹರ್, ಓ.ಸಿ. ಚೀಟಿ, ಕೋಳಿ ಅಂಕ ಇವೆಲ್ಲವೂ ನಾವು ಊರಿನಲ್ಲಿ ಕಂಡವೇ. ಆದರೆ ಅವುಗಳಿಗೊಂದು ಸ್ಥಳವಿತ್ತು, ಒಂದು ಹೊತ್ತಿತ್ತು. ಅಲ್ಲಿಗೆ ಹೋಗುವವನನ್ನು ನಾಲ್ಕು ಜನ ನೋಡುತ್ತಿದ್ದರು. ನೋಡಿದವರಲ್ಲಿ ಒಬ್ಬರಾದರೂ ಮನೆಗೆ ಸುದ್ದಿ ಮುಟ್ಟಿಸುತ್ತಿದ್ದರು.

ಇಂದಿನ ಜೂಜುಕಟ್ಟೆ ಅಂಗೈಯಲ್ಲಿದೆ. ಕೊಂಡಾಪುರ, ಮಾದಾಪುರ, ಗಚ್ಚಿಬೌಲಿಗಳಲ್ಲಿ ಬಾಡಿಗೆ ಕೋಣೆ ಹಿಡಿದು, ಊರಿನಿಂದ ದೂರ ಬಂದು ದುಡಿಯುತ್ತಿರುವ ನಮ್ಮ ತರುಣರು ರಾತ್ರಿ ಎರಡು ಗಂಟೆಗೆ ಮೊಬೈಲ್ ಹಿಡಿದು ಕ್ರಿಕೆಟ್ ಪಂದ್ಯದ ಮುಂದಿನ ಚೆಂಡಿಗೆ ಪಣ ಕಟ್ಟಿದರೆ, ಪಕ್ಕದ ಹಾಸಿಗೆಯವನಿಗೂ ಅದು ತಿಳಿಯದು. ಈ ಗುಟ್ಟೇ ಈ ಕಾಲದ ಜೂಜಿನ ದೊಡ್ಡ ಅಪಾಯವೆಂಬುದು ನನ್ನ ಅಭಿಪ್ರಾಯ.

ಕಾನೂನು ಏನು ಹೇಳುತ್ತದೆ?

ಈ ರಾಜ್ಯದಲ್ಲಿ ಜಾರಿಯಲ್ಲಿರುವುದು 1974ರ ಗೇಮಿಂಗ್ ಶಾಸನ. ರಮ್ಮಿಯು ಕುಶಲತೆಯ ಆಟವೆಂದು ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ತೀರ್ಪಿತ್ತದ್ದು ಇಲ್ಲಿಯದೇ ಸಿಕಂದರಾಬಾದಿನ ಕ್ಲಬ್ಬೊಂದರ ಮೊಕದ್ದಮೆಯಲ್ಲಿ. ಆ ತೀರ್ಪಿನ ಆಶ್ರಯದಲ್ಲಿ ಬಹುಕಾಲ ನಡೆದ ಹಣದಾಟಕ್ಕೆ ತೆಲಂಗಾಣ ಸರ್ಕಾರವು 2017ರ ತಿದ್ದುಪಡಿಯ ಮೂಲಕ ತೆರೆ ಎಳೆಯಿತು. ಆನ್‌ಲೈನಿನಲ್ಲಿ ಪಣ ಕಟ್ಟಿ ಆಡುವ ಆಟಗಳೂ ನಿಷೇಧಕ್ಕೆ ಒಳಪಟ್ಟವು. ಆಡಿಸುವವನೊಂದಿಗೆ ಆಡುವವನೂ ಶಿಕ್ಷೆಗೆ ಗುರಿಯಾಗಬಹುದು.

ಕರ್ನಾಟಕವು 2021ರಲ್ಲಿ ತಂದ ಇಂಥದೇ ತಿದ್ದುಪಡಿಯ ಮುಖ್ಯ ವಿಧಿಗಳನ್ನು ಅಲ್ಲಿಯ ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. “ಊರಿನಲ್ಲಿ ನಡೆಯುವುದು ಇಲ್ಲೇಕೆ ತಪ್ಪು?” ಎಂದು ನಮ್ಮ ಹುಡುಗರು ಕೇಳುತ್ತಿದ್ದುದು ಇದರಿಂದಲೇ. ಸಂಸತ್ತು ಅಂಗೀಕರಿಸಿ, 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರ ಶಾಸನವು ಕುಶಲತೆ, ಅದೃಷ್ಟ ಎಂಬ ಭೇದವೆಣಿಸದೆ ಆನ್‌ಲೈನ್ ಹಣದಾಟವನ್ನು ಇಡೀ ದೇಶಕ್ಕೇ ಅನ್ವಯಿಸಿ ನಿಷೇಧಿಸುತ್ತದೆ. ಆಡಿಸುವವರಿಗೆ 3 ವರ್ಷಗಳವರೆಗೆ ಸೆರೆ, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ನೀಡುವವರಿಗೆ 2 ವರ್ಷ, 50 ಲಕ್ಷದವರೆಗೆ. 2025ರ ಮಾರ್ಚಿನಲ್ಲಿ ನಮ್ಮ ನೆರೆಯ ಮಿಯಾಪುರ ಠಾಣೆಯಲ್ಲಿ ಇಂಥ ಆ್ಯಪ್‌ಗಳ ಪ್ರಚಾರಕ್ಕಾಗಿ ಚಲನಚಿತ್ರ ನಟರ ಮೇಲೂ ಮೊಕದ್ದಮೆ ದಾಖಲಾದದ್ದು ವಾಚಕರಿಗೆ ನೆನಪಿರಬಹುದು.

ಲೆಕ್ಕದ ಮಾತು

ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಯಾಗಿ ಒಂದು ಸರಳ ಲೆಕ್ಕವನ್ನು ಮುಂದಿಡುತ್ತೇನೆ. ನಾಣ್ಯ ಚಿಮ್ಮಿದಂತೆ ಸಮಸಮ ಸಾಧ್ಯತೆಯ ಪಣವೊಂದಕ್ಕೆ 100 ರೂಪಾಯಿ ಕಟ್ಟಿ ಗೆದ್ದರೆ 190 ರೂಪಾಯಿ ಮರಳುತ್ತದೆ ಎನ್ನೋಣ. ನೂರು ಬಾರಿ ಕಟ್ಟಿದವನು 10,000 ರೂಪಾಯಿ ಹೂಡಿ, ಸರಾಸರಿ ಐವತ್ತು ಬಾರಿ ಗೆದ್ದು, 9,500 ರೂಪಾಯಿ ಪಡೆಯುತ್ತಾನೆ. ಶೇಕಡಾ 5 ಆಡಿಸುವವನ ಪಾಲು. ದಿನಕ್ಕೆ ಹತ್ತು ಬಾರಿ 500 ರೂಪಾಯಿಯಂತೆ ಆಡುವವನು ತಿಂಗಳಿಗೆ ಸರಾಸರಿ 7,500 ರೂಪಾಯಿ ತೆತ್ತಂತಾಯಿತು. ಈ ಹಣವನ್ನು ತಿಂಗಳಿಗೆ ಶೇಕಡಾ 3ರ ಬಡ್ಡಿಯ ಕ್ರೆಡಿಟ್ ಕಾರ್ಡಿನಿಂದ ತಂದರೆ ವರ್ಷದ ಬಡ್ಡಿಯೇ ಶೇಕಡಾ 36ನ್ನು ಮೀರುತ್ತದೆ. ಇದು ಪ್ರಾಮಾಣಿಕವಾಗಿ ನಡೆಯುವ ಆಟದ ಲೆಕ್ಕ. ಕಾನೂನಿನ ಹೊರಗಿರುವ ಆಟ ಪ್ರಾಮಾಣಿಕವೆಂದು ಯಾರು ಜಾಮೀನು ನಿಂತಾರು?

ದೂರಿಡಲು ಬಾಯಿಲ್ಲದ ನಷ್ಟ

1872ರ ಕರಾರು ಶಾಸನದ 30ನೆಯ ವಿಧಿಯಂತೆ ಪಣದ ಒಪ್ಪಂದ ಅನೂರ್ಜಿತ. ಗೆದ್ದ ಹಣಕ್ಕಾಗಿ ದಾವೆ ಹೂಡುವಂತಿಲ್ಲ. ಕುದುರೆ ಪಂದ್ಯದ ಬಹುಮಾನಕ್ಕೆ ಮಾತ್ರ ಅಲ್ಪ ವಿನಾಯಿತಿಯುಂಟು. ವಿದೇಶದಲ್ಲಿ ಕುಳಿತ ಆ್ಯಪ್‌ನವನು ‘ಗೆದ್ದ ಹಣ ಬೇಕಾದರೆ ಮೊದಲು ತೆರಿಗೆ ಕಟ್ಟಿ’ ಎಂದು ಮತ್ತಷ್ಟು ಸುಲಿದರೂ, ತಾನೇ ತಪ್ಪಿತಸ್ಥನೆಂಬ ಅಳುಕಿನಿಂದ ಸೋತವನು ಬಾಯಿ ಬಿಡುವುದಿಲ್ಲ.

ಗೆದ್ದವನೂ ಸುರಕ್ಷಿತನಲ್ಲ. ಇಂಥ ಹಣ ಬಹುಮಟ್ಟಿಗೆ ಬಾಡಿಗೆಗೆ ಪಡೆದ ಅಪರಿಚಿತರ ಖಾತೆಗಳಿಂದ ಬರುತ್ತದೆ. ಅದೇ ಖಾತೆಯಲ್ಲಿ ಬೇರೆಲ್ಲೋ ಮೋಸಹೋದವರ ಹಣ ಬೆರೆತಿದ್ದರೆ, ದೂರದ ರಾಜ್ಯದ ಪೊಲೀಸರ ಸೂಚನೆಯಂತೆ ನಮ್ಮವನ ಸಂಬಳದ ಖಾತೆಯೂ ಸ್ತಂಭಿತವಾಗುತ್ತದೆ. ಬಾಡಿಗೆ, ಮಕ್ಕಳ ಶುಲ್ಕ, ಊರಿಗೆ ಕಳುಹಿಸುವ ಹಣ ಎಲ್ಲವೂ ನಿಲ್ಲುತ್ತವೆ. ಕೆಲವು ಸಾವಿರ ರೂಪಾಯಿಯ ಆಸೆಗೆ ಖಾತೆಯನ್ನು ಬಾಡಿಗೆಗೆ ಕೊಟ್ಟವನಂತೂ ನೇರವಾಗಿ ಆರೋಪಿಯಾಗುತ್ತಾನೆ.

ಇದೊಂದು ವ್ಯಾಧಿ

ಜೂಜಿನ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ವರ್ಗೀಕರಣದಲ್ಲಿ ವ್ಯಸನಸಂಬಂಧಿ ಕಾಯಿಲೆಯೆಂದೇ ಸೇರಿಸಿದೆ. ಕಳೆದುದನ್ನು ಮರಳಿ ಗಳಿಸಲೆಂದು ಮತ್ತೆ ಆಡುವುದು, ಪಣದ ಮೊತ್ತ ಏರುತ್ತ ಹೋಗುವುದು, ಆಡದಿದ್ದರೆ ಸಿಡುಕು, ನಿದ್ರಾಹೀನತೆ, ಹಣದ ವಿಷಯದಲ್ಲಿ ಸುಳ್ಳು ಇವು ಅದರ ಲಕ್ಷಣಗಳು. ಸಾಲ ಬೆಳೆದಷ್ಟೂ ಗುಟ್ಟು ಬೆಳೆಯುತ್ತದೆ. ಗುಟ್ಟು ಬೆಳೆದಷ್ಟೂ ಮನಸ್ಸು ಕುಗ್ಗುತ್ತದೆ. ಇಂಥವನ ಬಾಯಲ್ಲಿ ಸಾವಿನ ಮಾತು ಬಂದರೆ ಹಗುರವಾಗಿ ತೆಗೆದುಕೊಳ್ಳದೆ, ಆತನನ್ನು ಒಂಟಿಯಾಗಿ ಬಿಡದೆ, ಕೂಡಲೇ ವೈದ್ಯರ ಬಳಿ ಕರೆದೊಯ್ಯಬೇಕು.

ಚಿಕಿತ್ಸೆಯುಂಟು. ಎರ್ರಗಡ್ಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ನಮಗೆ ಹತ್ತಿರದಲ್ಲಿಯೇ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಅಂತರಜಾಲಗಳ ಗೀಳಿಗಾಗಿಯೇ 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯ ಆರಂಭವಾಯಿತು. ಟೆಲಿ-ಮಾನಸ್ ಉಚಿತ ದೂರವಾಣಿ ಸಂಖ್ಯೆ 14416.

ಮನೆಯವರು ಮಾಡಬೇಕಾದುದು

1. ಬೈಗುಳಕ್ಕೆ ಮೊದಲು ಲೆಕ್ಕ. ಕಾರ್ಡು, ಆ್ಯಪ್ ಸಾಲ, ಗೆಳೆಯರ ಕೈಸಾಲ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಸಿರಿ.

2. ಸಾಲ ತೀರಿಸಲೆಂದು ಆತನ ಕೈಗೆ ಇಡಿಗಂಟು ಕೊಡಬೇಡಿ. ಸಾಲ ಕೊಟ್ಟವರಿಗೆ ನೇರವಾಗಿ ಕಟ್ಟಿರಿ. ಒಡವೆ ಅಡವಿಡುವುದಕ್ಕೆ, ಭವಿಷ್ಯನಿಧಿ ತೆಗೆಯುವುದಕ್ಕೆ ಅವಸರಪಡಬೇಡಿ.

3. ಯುಪಿಐ ದಿನಮಿತಿಯನ್ನು ತಗ್ಗಿಸಿ, ಕಾರ್ಡಿನ ಆನ್‌ಲೈನ್ ಬಳಕೆಯನ್ನು ನಿಲ್ಲಿಸಿರಿ. ಈ ಸೌಲಭ್ಯಗಳು ಬ್ಯಾಂಕಿನ ಆ್ಯಪ್‌ನಲ್ಲಿಯೇ ಇವೆ.

4. ಮೋಸವಾಗಿದ್ದರೆ ಅಳುಕದೆ 1930ಕ್ಕೆ ಕರೆಮಾಡಿ. ತಡಮಾಡಿದಷ್ಟೂ ಹಣ ಕೈತಪ್ಪಿ ದೂರ ಹೋಗುತ್ತದೆ.

ಊರಿನಲ್ಲಿ ಜೂಜುಕಟ್ಟೆಯ ದಾರಿಯಲ್ಲಿ ನಿಂತು “ಎಲ್ಲಿಗಪ್ಪಾ ಹೊರಟೆ?” ಎಂದು ಕೇಳುವ ಹಿರಿಯರಿದ್ದರು. ಈ ಮಹಾನಗರದಲ್ಲಿ ಆ ಹಿರಿತನವನ್ನು ನಾವೇ ವಹಿಸಿಕೊಳ್ಳಬೇಕಾಗಿದೆ. ಸಂಘದ ಕಾರ್ಯಕ್ರಮಗಳಿಗೆ ಬರುತ್ತಿದ್ದ ಹುಡುಗನೊಬ್ಬ ಎರಡು ತಿಂಗಳು ಕಾಣದಿದ್ದರೆ, ಅವನ ಕೋಣೆಯ ಬಾಗಿಲು ತಟ್ಟೋಣ. ಹೇಳಿಕೊಳ್ಳಲು ಒಬ್ಬರಾದರೂ ಇದ್ದಾರೆಂಬ ಧೈರ್ಯ ಅವನಿಗೆ ಬಂದರೆ, ಅರ್ಧ ಸಾಲ ತೀರಿದಂತೆಯೇ ಸರಿ.